ಆಚೆ ದಡದ ಡಿಸ್ಕಿಗೆ ಆದೇಶ ತಲುಪಿಸುವ ದಾರಿ

2024ರ ಆಗಸ್ಟ್ 7ರಂದು ರಾತ್ರಿ ಒಂದು ಗಂಟೆಯ ಸುಮಾರಿಗೆ ಕಾಳಿ ನದಿಯ ಹಳೆಯ ಸೇತುವೆ ಕುಸಿದಾಗ ನಾನು ಕಾರವಾರದ ಬಳಿಯ ಸದಾಶಿವಗಡದ ಮನೆಯಲ್ಲಿ ರಾತ್ರಿ ಪಾಳಿಯ ಕೆಲಸದಲ್ಲಿದ್ದೆ. ನದಿಯಾಚೆ ಕೋಡಿಬಾಗದಲ್ಲಿರುವ ಅಣ್ಣ ಫೋನ್ ಮಾಡಿ, ಲಾರಿಯೊಂದು ನೀರಿಗೆ ಬಿದ್ದಿದೆಯಂತೆ, ನೀವೆಲ್ಲ ಮನೆಯಲ್ಲೇ ಇದ್ದೀರಿ ತಾನೆ ಎಂದು ಕೇಳಿದ. ಚಾಲಕನನ್ನು ಬದುಕಿಸಿದ ಸುದ್ದಿ ಆಮೇಲೆ ಬಂದು ಸಮಾಧಾನವಾಯಿತು. ಕುಸಿದ ಸೇತುವೆಯ ಮಗ್ಗುಲಲ್ಲೇ ಹೆದ್ದಾರಿಯ ಹೊಸ ಸೇತುವೆ ನಿಂತಿತ್ತು. ಆದರೂ ಪರೀಕ್ಷಿಸಿ ನೋಡುವವರೆಗೆ ಅದರ ಮೇಲಿನ ಓಡಾಟವನ್ನೂ ನಿಲ್ಲಿಸಲಾಯಿತು. ಎರಡು ಸೇತುವೆಗಳಿದ್ದ ಊರಿಗೆ ಆ ಹೊತ್ತಿನಲ್ಲಿ ಒಂದೂ ಇಲ್ಲದಂತಾಯಿತು. ನನ್ನ ಹೊಟ್ಟೆಪಾಡಿನ ಕೆಲಸವೂ ಎರಡು ದಡಗಳ ನಡುವಿನದೇ ಆದ್ದರಿಂದ ಆ ರಾತ್ರಿಯಿಂದ ಈ ವಿಷಯವನ್ನು ಬರೆಯಬೇಕೆಂದು ಮನಸ್ಸಿನಲ್ಲಿತ್ತು.

ನನ್ನ ಕೆಲಸ ಮೇನ್‌ಫ್ರೇಮ್ ಎಂಬ ದೊಡ್ಡ ಕಂಪ್ಯೂಟರುಗಳ ಸ್ಟೋರೇಜಿನ, ಅಂದರೆ ದತ್ತಾಂಶ ಇಡುವ ಡಿಸ್ಕುಗಳ ಯಂತ್ರದ, ನಿರ್ವಹಣೆ. ಕಂಪನಿ ಇರುವುದು ಬೆಂಗಳೂರಿನಲ್ಲಿ, ಯಂತ್ರಗಳಿರುವುದು ವಿದೇಶದ ಒಂದು ಹಣಕಾಸು ಸಂಸ್ಥೆಯ ಎರಡು ಡೇಟಾ ಸೆಂಟರ್‌ಗಳಲ್ಲಿ. ಒಂದು ತಾಣದ ಡಿಸ್ಕಿನಲ್ಲಿ ಬರೆದದ್ದೆಲ್ಲ ಇನ್ನೊಂದು ತಾಣದ ಡಿಸ್ಕಿನಲ್ಲೂ ಇರುವಂತೆ ನೋಡಿಕೊಳ್ಳುವ ತಂಡದಲ್ಲಿ ನಾನೊಬ್ಬ. ಶಿರಸಿಯಲ್ಲಿ ಸಹಕಾರಿ ಸಂಘವೊಂದರ ಲೆಕ್ಕ ಬರೆದು ನಿವೃತ್ತರಾದ ನಮ್ಮ ಅಪ್ಪಯ್ಯ ಒಮ್ಮೆ ಕೇಳಿದ್ದರು: "ನಕಲು ಮಾಡಿ ಇಟ್ರೆ ಆತಲ ತಮಾ, ಅದ್ರ ರಾತ್ರಿಯಿಡೀ ಕಾಯದು ಎಂತಕ್ಕೆ?" ಈ ಪ್ರಶ್ನೆಗೆ ಅಂದು ನಾನು ಸರಿಯಾದ ಉತ್ತರ ಕೊಟ್ಟಿರಲಿಲ್ಲ. ನಕಲು ಮಾಡುವುದನ್ನು ಯಂತ್ರ ತಾನೇ ಮಾಡುತ್ತದೆ. ಆ ನಕಲನ್ನು ಯಾವ ಕ್ಷಣದಲ್ಲಿ ನಿಲ್ಲಿಸಬೇಕು, ನಿಲ್ಲಿಸಿದ ಮೇಲೆ ದೂರದ ಯಂತ್ರ ಯಾವ ಸ್ಥಿತಿಯಲ್ಲಿದೆ, ಅದಕ್ಕೆ ಆದೇಶ ಕೊಡುವವರು ಯಾರು, ಆ ಆದೇಶ ಹೋಗುವ ದಾರಿ ಯಾವುದು ಎಂಬುದಕ್ಕಾಗಿ ನಾವು ಎಚ್ಚರವಾಗಿರುತ್ತೇವೆ.

ಮೊದಲು ನಿಲ್ಲಿಸುವ ಮಾತು. ಅಪ್ಪಯ್ಯನ ಸಂಘದಲ್ಲಿ ದಿನದ ವ್ಯವಹಾರವನ್ನು ಮೊದಲು ರೋಕಡ ಪುಸ್ತಕದಲ್ಲಿ ಬರೆದು, ಅಲ್ಲಿಂದ ಸದಸ್ಯರ ಖಾತೆಗೆ ಏರಿಸಿ, ಏರಿಸಿದ ಮೇಲೆ ರೋಕಡದ ಆ ಸಾಲಿನ ಎದುರು ಒಂದು ಗುರುತು ಹಾಕುತ್ತಿದ್ದರು. ಡೇಟಾಬೇಸ್ ಕೂಡ ಹೀಗೆಯೇ ನಡೆದುಕೊಳ್ಳುತ್ತದೆ: ಬದಲಾವಣೆ ಮಾಡಲಿದ್ದೇನೆ ಎಂದು ಮೊದಲು ಲಾಗ್ ಎಂಬ ದಾಖಲೆಯಲ್ಲಿ ಬರೆಯುತ್ತದೆ, ಆಮೇಲೆ ದತ್ತಾಂಶವನ್ನು ಬದಲಾಯಿಸುತ್ತದೆ, ಕೊನೆಗೆ ಬದಲಾವಣೆ ಮುಗಿಯಿತು ಎಂದು ಮತ್ತೆ ಲಾಗ್‌ನಲ್ಲಿ ಬರೆಯುತ್ತದೆ. ಈಗ ಈ ಮೂರು ಬರಹಗಳು ಬೇರೆ ಬೇರೆ ಡಿಸ್ಕುಗಳ ಮೇಲಿವೆ ಎಂದುಕೊಳ್ಳಿ. ದೂರದ ತಾಣಕ್ಕೆ ಮೊದಲನೆಯದು ಮತ್ತು ಮೂರನೆಯದು ತಲುಪಿ, ನಡುವಿನದು ತಲುಪದೆ ಹೋದರೆ ಅಲ್ಲಿರುವುದು ಖಾತೆಗೆ ಏರದ ಸಾಲಿನ ಎದುರು ಗುರುತು ಬಿದ್ದಿರುವ ರೋಕಡ. ಅಲ್ಲಿ ಡೇಟಾಬೇಸನ್ನು ಎಬ್ಬಿಸಿದರೆ ಅದು ಲಾಗ್ ಓದಿ, ಎಲ್ಲ ಮುಗಿದಿದೆ ಎಂದು ನಂಬಿ ಮುಂದೆ ಹೋಗುತ್ತದೆ. ತಪ್ಪು ಬೆಳಕಿಗೆ ಬರುವುದು ಎಷ್ಟೋ ದಿನಗಳ ನಂತರ, ಅದೂ ಯಾರದೋ ಖಾತೆಯ ಶಿಲ್ಕು ತಾಳೆಯಾಗದಿದ್ದಾಗ. ದೂರದ ನಕಲು ಹತ್ತು ಸೆಕೆಂಡು ಹಿಂದಿನದಾಗಿದ್ದರೂ ಅದರಿಂದ ಕೆಲಸ ಆರಂಭಿಸಬಹುದು. ಕ್ರಮ ತಪ್ಪಿದ ನಕಲು ಒಂದು ಸೆಕೆಂಡಿನಷ್ಟು ತಾಜಾ ಆಗಿದ್ದರೂ ಪ್ರಯೋಜನವಿಲ್ಲ.

ಬೆಂಕಿಯೋ ಪ್ರವಾಹವೋ ಒಂದು ಡೇಟಾ ಸೆಂಟರನ್ನು ಕಣ್ಣು ಮಿಟುಕಿಸುವುದರೊಳಗೆ ಮುಗಿಸುವುದಿಲ್ಲ ಎಂಬುದೇ ಇಲ್ಲಿನ ಕಷ್ಟ. ಮೊದಲು ಒಂದು ಕೇಬಲ್ ಹೋಗುತ್ತದೆ, ಒಂದು ಸ್ಟೋರೇಜಿನ ಕೊಂಡಿ ಕಡಿಯುತ್ತದೆ, ಉಳಿದವು ಇನ್ನೂ ಕೆಲ ಸೆಕೆಂಡು ಅಥವಾ ಕೆಲ ನಿಮಿಷ ನಕಲು ಕಳಿಸುತ್ತಲೇ ಇರುತ್ತವೆ. ಹಂತಹಂತವಾಗಿ ಉರುಳುವ ಈ ಅನಾಹುತದಲ್ಲಿಯೇ ಮೇಲೆ ಹೇಳಿದ ಕ್ರಮಭಂಗ ಆಗುವುದು. ಡಿಸ್ಕಿನಿಂದ ಡಿಸ್ಕಿಗೆ ನಕಲು ಕಳಿಸುವ ಐಬಿಎಂನ ಪಿಪಿಆರ್‌ಸಿ ವ್ಯವಸ್ಥೆಯಲ್ಲಿ, ಇಂದು ಮೆಟ್ರೊ ಮಿರರ್ ಎಂದು ಕರೆಯುವುದರಲ್ಲಿ, ಇದಕ್ಕೆ ಫ್ರೀಜ್ ಎಂಬ ಉಪಾಯವಿದೆ. ಯಾವುದಾದರೂ ಒಂದು ಜೋಡಿಯ, ಅಂದರೆ ಇಲ್ಲಿನ ಡಿಸ್ಕು ಮತ್ತು ಅದರ ದೂರದ ಪ್ರತಿಯ, ನಕಲು ತಪ್ಪಿದ ಕೂಡಲೇ ಆ ಸ್ಟೋರೇಜ್ ತನ್ನ ಆ ಭಾಗದ ಡಿಸ್ಕುಗಳಿಗೆ ಬರುವ ಬರಹಗಳನ್ನು ತಡೆಹಿಡಿದು ಮೇನ್‌ಫ್ರೇಮಿಗೆ ಸುದ್ದಿ ಕೊಡುತ್ತದೆ. ತಡೆಹಿಡಿಯುವ ಅವಧಿ ಬೇರೆ ಹೇಳದಿದ್ದರೆ 120 ಸೆಕೆಂಡು. ಅಷ್ಟರೊಳಗೆ ಸ್ವಯಂಚಾಲಿತ ತಂತ್ರಾಂಶವು ಉಳಿದೆಲ್ಲ ಸ್ಟೋರೇಜುಗಳಿಗೂ ಸಿ-ಗ್ರೂಪ್ ಫ್ರೀಜ್ ಆದೇಶ ಕಳಿಸಬೇಕು. ಆಗ ಎಲ್ಲ ಜೋಡಿಗಳ ನಕಲೂ ಒಂದೇ ಗೆರೆಯಲ್ಲಿ ನಿಲ್ಲುತ್ತದೆ. ಆಮೇಲೆ ಸಿ-ಗ್ರೂಪ್ ರನ್ ಎಂಬ ಆದೇಶದಿಂದ ಮುಖ್ಯ ತಾಣದ ಬರಹಗಳನ್ನು ಬಿಡುಗಡೆ ಮಾಡಬಹುದು. ಬಿಡುಗಡೆ ಮಾಡಬೇಕೇ, ಅಥವಾ ಕೊಂಡಿ ಕಡಿದಿರುವುದು ದೊಡ್ಡ ಅನಾಹುತದ ಮೊದಲ ಲಕ್ಷಣವಿರಬಹುದೆಂದು ಎಲ್ಲವನ್ನೂ ನಿಲ್ಲಿಸಿಬಿಡಬೇಕೇ ಎಂಬುದು ಸಂಸ್ಥೆಯ ಮೇಲಿನವರು ಮುಂಚೆಯೇ ಕೂತು ತೀರ್ಮಾನಿಸಬೇಕಾದ ಸಂಗತಿ. ಬಿಡುಗಡೆ ಮಾಡಿದರೆ ಆ ಕ್ಷಣದಿಂದಾಚೆಗಿನ ವ್ಯವಹಾರ ದೂರದ ತಾಣದಲ್ಲಿ ಇರುವುದಿಲ್ಲ. ನಿಲ್ಲಿಸಿದರೆ, ಒಂದು ಸಣ್ಣ ಕೇಬಲ್ ದೋಷಕ್ಕೂ ಇಡೀ ಸಂಸ್ಥೆಯ ವ್ಯವಹಾರ ನಿಲ್ಲುತ್ತದೆ. ನಡುರಾತ್ರಿ ಎರಡು ನಿಮಿಷದ ಗಡುವಿನೊಳಗೆ ಪಾಳಿಯ ನೌಕರನೊಬ್ಬನ ಮೇಲೆ ಇದನ್ನು ಬಿಡುವುದು ಅನ್ಯಾಯ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ದೂರದ ವಿಚಾರವನ್ನು ಇಲ್ಲಿ ಚಿಕ್ಕದಾಗಿ ಹೇಳಿಬಿಡುತ್ತೇನೆ. ಗಾಜಿನ ಎಳೆಯೊಳಗೆ ಬೆಳಕು ಒಂದು ಕಿಲೋಮೀಟರ್ ಸಾಗಲು ಸುಮಾರು 5 ಮೈಕ್ರೋಸೆಕೆಂಡು ಬೇಕು. ಕಾರವಾರದಿಂದ ಬೆಂಗಳೂರಿಗೆ ರಸ್ತೆಯ ಅಳತೆಯಲ್ಲಿ ಸುಮಾರು 500 ಕಿಲೋಮೀಟರ್ ಎಂದಿಟ್ಟುಕೊಂಡರೆ ಹೋಗಿ ಬರಲು 5 ಮಿಲಿಸೆಕೆಂಡು. ಪಕ್ಕದ ಕೋಣೆಯ ಸ್ಟೋರೇಜಿನಲ್ಲಿ ಒಂದು ಬರಹ ಮುಗಿಯಲು ಒಂದು ಮಿಲಿಸೆಕೆಂಡೂ ಬೇಡದ ಈ ಕಾಲದಲ್ಲಿ ಪ್ರತಿ ಬರಹಕ್ಕೂ 5 ಮಿಲಿಸೆಕೆಂಡು ಕಾಯಿಸಿದರೆ ರಾತ್ರಿ ಒಟ್ಟಿಗೆ ಓಡಿಸುವ ಬ್ಯಾಚ್ ಕೆಲಸ ಬೆಳಗಾದರೂ ಮುಗಿಯುವುದಿಲ್ಲ. ಆದ್ದರಿಂದ ಹತ್ತಿರದ ತಾಣಗಳ ನಡುವೆ ದೂರದ ಒಪ್ಪಿಗೆ ಬಂದ ಮೇಲೆಯೇ ಮುಂದುವರಿಯುವ ನಕಲು, ಬಹುದೂರದ ತಾಣಗಳ ನಡುವೆ ಸ್ವಲ್ಪ ಹಿಂದುಳಿದು ಸಾಗುವ ನಕಲು ಎಂಬ ಎರಡು ಬಗೆ ಬೆಳೆದವು. ಎರಡನೆಯದರಲ್ಲಿ ಕ್ರಮ ಕಾಯುವ ಉಪಾಯಗಳು ಬೇರೆ. ಐಬಿಎಂನ ಎಕ್ಸ್‌ಆರ್‌ಸಿಯಲ್ಲಿ ಪ್ರತಿ ಬರಹಕ್ಕೂ ಸಮಯದ ಮುದ್ರೆ ಬೀಳುತ್ತದೆ, ಸಿಸ್ಟಮ್ ಡೇಟಾ ಮೂವರ್ ಎಂಬ ಕಾರ್ಯಕ್ರಮ ಅವುಗಳನ್ನು ಎಳೆದು ತಂದು ಸಮಯದ ಕ್ರಮದಲ್ಲಿ ಜೋಡಿಸಿ ಆಚೆ ಡಿಸ್ಕಿಗೆ ಬರೆಯುತ್ತದೆ. ಹಿಟಾಚಿಯ ಯೂನಿವರ್ಸಲ್ ರೆಪ್ಲಿಕೇಟರ್‌ನಲ್ಲಿ ಬರಹಗಳು ಮೊದಲು ಜರ್ನಲ್ ಎಂಬ ತಾತ್ಕಾಲಿಕ ದಾಖಲೆಗೆ ಸೇರಿ, ದೂರದ ಸ್ಟೋರೇಜ್ ಅಲ್ಲಿಂದ ಅವನ್ನು ತಾನೇ ಎಳೆದುಕೊಳ್ಳುತ್ತದೆ. ಸ್ಟೋರೇಜ್ ತಯಾರಕ ಕಂಪನಿ ಇಎಂಸಿ 1994ರಲ್ಲಿ ತಂದ ಎಸ್‌ಆರ್‌ಡಿಎಫ್ ಎಂಬ ನಕಲಿನ ವ್ಯವಸ್ಥೆಯಲ್ಲೂ ಮುಂದೆ ಈ ಎರಡೂ ಬಗೆಗಳು ಬಂದವು.

ಇನ್ನು ಆದೇಶದ ದಾರಿ. ಮೇನ್‌ಫ್ರೇಮಿಗೆ ಒಂದು ಡಿಸ್ಕು ಎಂದರೆ ನಾಲ್ಕು ಅಂಕಿಗಳ ಒಂದು ಡಿವೈಸ್ ಸಂಖ್ಯೆ. ಆ ಸಂಖ್ಯೆಯ ಮೂಲಕ ಅದು ಫೈಕಾನ್ ಎಂಬ ಕೇಬಲ್ ಸಂಪರ್ಕದ ಚಾನೆಲ್ ಹಿಡಿದು ಡಿಸ್ಕಿನವರೆಗೆ ಹೋಗುತ್ತದೆ, ಆದೇಶವನ್ನೂ ಅದೇ ಮಾರ್ಗದಲ್ಲಿ ಕೊಡುತ್ತದೆ. ಆದರೆ ದೂರದ ತಾಣದ ಸ್ಟೋರೇಜಿಗೆ ಇಲ್ಲಿನ ಮೇನ್‌ಫ್ರೇಮಿನಿಂದ ಚಾನೆಲ್ ಎಳೆದಿರುವುದು ಬಹಳ ಸಂಸ್ಥೆಗಳಲ್ಲಿ ಇರುವುದಿಲ್ಲ. ದೂರ ಹೆಚ್ಚಿದಷ್ಟೂ ಅದರ ವೆಚ್ಚ ಹೆಚ್ಚು. ಹಾಗಿರುವಾಗ ದೂರದ ಡಿಸ್ಕಿಗೆ ಇಲ್ಲಿ ಡಿವೈಸ್ ಸಂಖ್ಯೆಯೇ ಇರುವುದಿಲ್ಲ. ಅದನ್ನು ಗುರುತಿಸಬೇಕಾದರೆ ಯಾವ ಸ್ಟೋರೇಜ್ ಎಂಬ ಕ್ರಮಸಂಖ್ಯೆ, ಅದರೊಳಗೆ ಯಾವ ಕಂಟ್ರೋಲ್ ಯೂನಿಟ್, ಅದರೊಳಗೆ ಎಷ್ಟನೆಯ ಡಿಸ್ಕು ಎಂದು ಪೂರ್ತಿ ವಿಳಾಸ ಹೇಳಬೇಕು. ಊರು, ಕೇರಿ, ಮನೆ ಸಂಖ್ಯೆ ಹೇಳಿದಂತೆ.

ವಿಳಾಸ ಗೊತ್ತಿದ್ದರೆ ಸಾಲದು, ಟಪಾಲು ಒಯ್ಯುವವನೂ ಬೇಕು. ಅದಕ್ಕಾಗಿ ಹತ್ತಿರದ ಸ್ಟೋರೇಜಿನಲ್ಲಿ ಒಂದು ಡಿಸ್ಕನ್ನು ಮೀಸಲಿಡುತ್ತಾರೆ. ಅದರಲ್ಲಿ ದತ್ತಾಂಶ ಇಡುವುದಿಲ್ಲ; ಅದಕ್ಕೆ ಬರೆದದ್ದನ್ನು ಸ್ಟೋರೇಜ್ ಆದೇಶವೆಂದು ಓದಿಕೊಳ್ಳುತ್ತದೆ, ಮತ್ತು ಆದೇಶ ಆಚೆಯ ಯಂತ್ರಕ್ಕೆ ಸೇರಿದ್ದಾದರೆ ನಕಲು ಹೋಗುವ ಕೊಂಡಿಯ ಮೂಲಕವೇ ಅದನ್ನು ಮುಂದಕ್ಕೆ ದಾಟಿಸುತ್ತದೆ. ಹಿಟಾಚಿಯವರು ಇದನ್ನು ಕಮಾಂಡ್ ಡಿವೈಸ್ ಎನ್ನುತ್ತಾರೆ, ಇಎಂಸಿಯ ಕಡೆಯವರು ಗೇಟ್‌ಕೀಪರ್ ಎನ್ನುತ್ತಾರೆ. ಮೂರು ತಾಣಗಳಿದ್ದರೆ ಒಂದನ್ನು ದಾಟಿ ಇನ್ನೊಂದಕ್ಕೆ ಆದೇಶ ಹೋಗಬೇಕು. ಯಾವ ಯಂತ್ರದ ಯಾವ ಕಮಾಂಡ್ ಡಿವೈಸ್ ಹಿಡಿದು ಎಲ್ಲಿಗೆ ಎಂಬ ದಾರಿಯ ಪಟ್ಟಿಯನ್ನು ಮೊದಲೇ ಬರೆದಿಟ್ಟಿರಬೇಕು. ನಿತ್ಯದ ದಿನಗಳಲ್ಲಿ ಇದು ಎಷ್ಟು ಸಲೀಸೆಂದರೆ, ಸದಾಶಿವಗಡದಲ್ಲಿ ಕೂತ ನಾನು ಒಂದು ಸಾಲು ಟೈಪು ಮಾಡಿದರೆ ಸಮುದ್ರದಾಚೆಯ ಒಂದು ಯಂತ್ರದ ಮೂಲಕ ಇನ್ನೊಂದು ಯಂತ್ರದ ಜೋಡಿಗಳ ಸ್ಥಿತಿಯೆಲ್ಲ ಪರದೆಗೆ ಬರುತ್ತದೆ.

ಸಲೀಸಾದ ಈ ಏರ್ಪಾಡಿನ ದೌರ್ಬಲ್ಯ ಮೇಲಿನ ಮಾತಿನಲ್ಲಿಯೇ ಇದೆ. ಆದೇಶವೂ ದತ್ತಾಂಶವೂ ಒಂದೇ ಕೊಂಡಿಯಲ್ಲಿ ಸಾಗುತ್ತವೆ. ಆದೇಶ ಅತ್ಯಂತ ಅಗತ್ಯವಾಗುವುದು ಕೊಂಡಿ ಕಡಿದಾಗ. ಕಡಿದಾಗ ಆದೇಶ ದಾಟುವುದಿಲ್ಲ. ಮೇಲೆ ಹೇಳಿದ ಫ್ರೀಜ್ ಕೂಡ ಎರಡು ಸ್ಟೋರೇಜುಗಳ ನಡುವಿನ ಮಾರ್ಗಗಳನ್ನು ತಾನೇ ಕಡಿದುಹಾಕುತ್ತದೆ. ಅದು ಮಾಡಬೇಕಾದದ್ದೇ ಸರಿ, ಆದರೆ ಆ ಕ್ಷಣದಿಂದ ಆ ಮಾರ್ಗವಾಗಿ ಆಚೆಗೆ ಹೋಗಬೇಕಿದ್ದ ಆದೇಶಗಳೂ ನಿಂತವೆಂದು ತಿಳಿಯಬೇಕು.

ಇದನ್ನು ನಾನು ಕಲಿತದ್ದು ಒಂದು ಕವಾಯತಿನಲ್ಲಿ. ಕೆಲವು ವರ್ಷಗಳ ಹಿಂದೆ, ಬೇರೊಂದು ಸಂಸ್ಥೆಯ ಕೆಲಸದಲ್ಲಿದ್ದಾಗ, ಮುಖ್ಯ ತಾಣ ಇಲ್ಲವಾಗಿದೆ ಎಂದು ಭಾವಿಸಿ ದೂರದ ತಾಣದಲ್ಲಿ ವ್ಯವಸ್ಥೆಯನ್ನು ಎಬ್ಬಿಸುವ ಅಭ್ಯಾಸ ನಡೆಯಿತು. ಹಿಂದಿನ ವರ್ಷಗಳಲ್ಲೂ ಅದು ನಡೆದಿತ್ತು, ಪ್ರತಿ ಸಲವೂ ಯಶಸ್ವಿ ಎಂದು ವರದಿಯಾಗಿತ್ತು. ಆದರೆ ಆ ಎಲ್ಲ ಸಲವೂ ಜೋಡಿಗಳನ್ನು ಬಿಡಿಸುವ ಆದೇಶ ಹೊರಟಿದ್ದು ಮುಖ್ಯ ತಾಣದಿಂದ, ಕೊಂಡಿ ಗಟ್ಟಿಯಾಗಿದ್ದಾಗ. ಆ ವರ್ಷ ಹೊಸದಾಗಿ ಬಂದ ಮೇಲಧಿಕಾರಿಯೊಬ್ಬರು, ಮೊದಲು ಕೊಂಡಿಯನ್ನು ನಿಜವಾಗಿಯೇ ಕಡಿಯಿರಿ, ಆಮೇಲೆ ಶುರುಮಾಡಿ ಎಂದರು.

ಕಡಿದೆವು. ಮುಖ್ಯ ತಾಣದ ಪರದೆಯಲ್ಲಿ ದೂರದ ಜೋಡಿಗಳೆಲ್ಲ ಡ್ಯೂಪ್ಲೆಕ್ಸ್, ಅಂದರೆ ಪೂರ್ತಿ ಸರಿಸಮ ಎಂದೇ ತೋರಿಸುತ್ತಿದ್ದವು. ನಮ್ಮ ತಂಡದವರೇ ಬರೆದ ಪರದೆ ಅದು. ಉತ್ತರ ಬಾರದಿದ್ದಾಗ ಕೊನೆಯ ಸಲ ಉಳಿಸಿಟ್ಟ ಫೈಲಿನಿಂದ ಓದಿ ತೋರಿಸುವಂತೆ ಬರೆದಿದ್ದೆವು. ದೂರದ ತಾಣದಲ್ಲಿ ಒಂದು ಸಣ್ಣ ಜಡ್‌/ಓಎಸ್, ಅಂದರೆ ಮೇನ್‌ಫ್ರೇಮಿನ ಕಾರ್ಯಾಚರಣಾ ವ್ಯವಸ್ಥೆ, ಎಬ್ಬಿಸಿ ಅಲ್ಲಿಂದ ಆದೇಶ ಕೊಡೋಣವೆಂದರೆ, ಯಾವ ಡಿಸ್ಕಿಗೆ ಯಾವ ಡಿಸ್ಕು ಜೋಡಿ ಎಂಬ ಕಾನ್ಫಿಗರೇಶನ್ ಫೈಲು ಇದ್ದದ್ದು ನಕಲಾಗುತ್ತಿದ್ದ ಡಿಸ್ಕುಗಳಲ್ಲಿ ಒಂದರ ಮೇಲೆ. ನಕಲಿನ ಜೋಡಿಯಲ್ಲಿ ಎರಡನೆಯದಾಗಿರುವ ಡಿಸ್ಕನ್ನು, ಜೋಡಿ ಬಿಡಿಸುವವರೆಗೆ ಯಾವ ಮೇನ್‌ಫ್ರೇಮಿಗೂ ಆನ್‌ಲೈನ್ ಮಾಡಲು ಬರುವುದಿಲ್ಲ. ಜೋಡಿ ಬಿಡಿಸಲು ಫೈಲು ಬೇಕು, ಫೈಲು ಓದಲು ಜೋಡಿ ಬಿಡಿಸಿರಬೇಕು. ಪೆಟ್ಟಿಗೆಯ ಕೀಲಿಯನ್ನು ಪೆಟ್ಟಿಗೆಯೊಳಗೇ ಇಟ್ಟು ಮುಚ್ಚಿದ್ದೆವು.

ಅಂದು ನಮ್ಮನ್ನು ಪಾರುಮಾಡಿದ್ದು ಹಿರಿಯ ಸಹೋದ್ಯೋಗಿಯೊಬ್ಬರು ತಮ್ಮ ಮೇಜಿನ ಖಾನೆಯಲ್ಲಿ ಇಟ್ಟುಕೊಂಡಿದ್ದ ಕಾಗದ. ಪ್ರತಿ ಸ್ಟೋರೇಜಿನ ಕ್ರಮಸಂಖ್ಯೆ, ಸಬ್‌ಸಿಸ್ಟಮ್ ಗುರುತು, ಡಿಸ್ಕಿನ ವಿಳಾಸ, ಎರಡೂ ತಾಣಗಳದ್ದು, ಅದರಲ್ಲಿ ಅಚ್ಚಾಗಿದ್ದವು. ದೂರದ ಡಿಸ್ಕನ್ನು ಜೋಡಿಯಿಂದ ಬಿಡಿಸುವ ಪಿಪಿಆರ್‌ಸಿಯ ಸಿ-ರಿಕವರ್ ಆದೇಶ ಕೊಡಬೇಕಾದರೆ ಈ ವಿವರಗಳನ್ನೆಲ್ಲ ಬರೆಯಲೇಬೇಕು. ಅವರು ಓದಿ ಹೇಳುತ್ತ ಹೋದರು, ನಾನು ಟೈಪು ಮಾಡುತ್ತ ಹೋದೆ, ಇನ್ನೊಬ್ಬರು ಪ್ರತಿ ಸಾಲನ್ನೂ ಎಂಟರ್ ಒತ್ತುವ ಮೊದಲು ಗಟ್ಟಿಯಾಗಿ ಓದಿ ತಾಳೆ ನೋಡಿದರು. ಕೆಲಸ ಆಯಿತು. ಆದರೆ ನಿಗದಿ ಮಾಡಿದ ಸಮಯ ಎಂದೋ ಮೀರಿತ್ತು, ಮತ್ತು ಆ ಹಿರಿಯರು ಆ ದಿನ ರಜೆಯಲ್ಲಿದ್ದಿದ್ದರೆ ಏನಾಗುತ್ತಿತ್ತು ಎಂಬ ಯೋಚನೆ ನನ್ನನ್ನು ಬಹಳ ದಿನ ಬಿಡಲಿಲ್ಲ.

ಅಲ್ಲಿಂದ ನನ್ನ ಮನಸ್ಸಿನಲ್ಲಿ ಗಟ್ಟಿಯಾದ ಅಭಿಪ್ರಾಯವೇನೆಂದರೆ, ನಿಯಂತ್ರಿಸುವ ವ್ಯವಸ್ಥೆ ತಾನು ನಿಯಂತ್ರಿಸುವ ವಸ್ತುವಿನ ಮೇಲೆ ಯಾವುದಕ್ಕೂ ಅವಲಂಬಿಸಿರಬಾರದು. ಐಬಿಎಂ 1998ರಲ್ಲಿ ತಂದ ಜಿಡಿಪಿಎಸ್ ಎಂಬ ನಿಯಂತ್ರಣ ವ್ಯವಸ್ಥೆ ಈ ತತ್ವದ ಮೇಲೆಯೇ ನಿಂತಿದೆ. ಅದರಲ್ಲಿ ನಿಯಂತ್ರಣಕ್ಕೆಂದೇ ಪ್ರತ್ಯೇಕವಾದ ಒಂದು ಮೇನ್‌ಫ್ರೇಮ್ ವಿಭಾಗವಿರುತ್ತದೆ; ಅದರ ಡಿಸ್ಕುಗಳು ಅದರವೇ, ಅವುಗಳನ್ನು ನಕಲಿನ ಜೋಡಿಗೆ ಸೇರಿಸುವುದಿಲ್ಲ, ನಿತ್ಯದ ವ್ಯವಹಾರದ ಕೆಲಸವನ್ನು ಅದರ ಮೇಲೆ ಹೇರುವುದಿಲ್ಲ. ಮುಖ್ಯ ತಾಣದ ಬರಹಗಳೆಲ್ಲ ಫ್ರೀಜ್‌ನಲ್ಲಿ ತಡೆದು ನಿಂತಾಗಲೂ ಅದು ತಡೆಯಿಲ್ಲದೆ ನಡೆಯುತ್ತಿರಬೇಕಾದರೆ ಬೇರೆ ದಾರಿಯಿಲ್ಲ. ಬಹುದೂರದ ನಕಲಿಗೆ ಎರಡೂ ತಾಣಗಳಲ್ಲಿ ಒಂದೊಂದು ನಿಯಂತ್ರಕ ಇದ್ದು, ಅವೆರಡೂ ನಕಲಿನ ಕೊಂಡಿಯನ್ನು ಬಿಟ್ಟು ಬೇರೆ ಜಾಲದ ಮೂಲಕ ಪರಸ್ಪರ ಮಾತಾಡುತ್ತವೆ. ಖರ್ಚು ಉಳಿಸಲು ಇದನ್ನು ಬಿಟ್ಟು ಕಮಾಂಡ್ ಡಿವೈಸ್ ಒಂದನ್ನೇ ನೆಚ್ಚಿಕೊಳ್ಳುವವರಿಗೆ ನಾನು ಹೇಳುವುದಿಷ್ಟು: ದೂರದ ತಾಣದಲ್ಲೂ ಆದೇಶ ಕೊಡಬಲ್ಲ ಒಂದು ಸಣ್ಣ ವ್ಯವಸ್ಥೆಯನ್ನು ಸದಾ ಎಬ್ಬಿಸಿಯೇ ಇಡಿ, ಅದರ ಬಳಕೆದಾರರ ಗುಪ್ತಪದಗಳು ಅವಧಿ ಮುಗಿದು ಸತ್ತುಹೋಗದಂತೆ ನೋಡಿಕೊಳ್ಳಿ.

ಪರದೆಯ ಮೇಲಿನ ಸ್ಥಿತಿಯ ಬಗ್ಗೆಯೂ ನನಗೆ ಕಟ್ಟುನಿಟ್ಟಾದ ನಿಲುವಿದೆ. ಉತ್ತರ ಬಾರದ ಯಂತ್ರದ ಸ್ಥಿತಿಯನ್ನು ತಿಳಿಯದು ಎಂದೇ ತೋರಿಸಬೇಕು. ಕೊನೆಯದಾಗಿ ಕಂಡ ಸ್ಥಿತಿಯನ್ನು ತೋರಿಸುವುದಾದರೆ ಅದರ ಪಕ್ಕದಲ್ಲಿ ಅದು ಎಷ್ಟು ಹೊತ್ತಿನ ಹಿಂದಿನದು ಎಂಬುದು ದೊಡ್ಡ ಅಕ್ಷರಗಳಲ್ಲಿರಬೇಕು. ಆ ಕವಾಯತಿನ ಮರುವಾರ ನಾವು ಮೊದಲು ತಿದ್ದಿದ್ದು ಇದನ್ನೇ.

ಕೊಂಡಿ ಮರಳಿ ಬಂದ ಮೇಲೆ ಅಪಾಯ ಮುಗಿಯಿತೆಂದು ಬಹಳ ಜನ ತಿಳಿಯುತ್ತಾರೆ. ನನ್ನ ಅನುಭವದಲ್ಲಿ ಅತಿ ಹೆಚ್ಚು ಎಚ್ಚರ ಬೇಕಾದ ಹೊತ್ತು ಅದು. ನಕಲು ನಿಂತಿದ್ದಾಗ ಬದಲಾದ ಟ್ರ್ಯಾಕುಗಳನ್ನು, ಅಂದರೆ ಡಿಸ್ಕಿನ ಸಣ್ಣ ಭಾಗಗಳನ್ನು, ಸ್ಟೋರೇಜ್ ಬಿಟ್‌ಮ್ಯಾಪ್ ಎಂಬ ಪಟ್ಟಿಯಲ್ಲಿ ಗುರುತು ಹಾಕಿಕೊಂಡಿರುತ್ತದೆ. ಮತ್ತೆ ಜೋಡಿಸಿದಾಗ ಇಡೀ ಡಿಸ್ಕಿನ ಬದಲು ಗುರುತು ಬಿದ್ದ ಟ್ರ್ಯಾಕುಗಳು ಮಾತ್ರ ಹೋಗುತ್ತವೆ. ಆದರೆ ಅವು ಹೋಗುವುದು ಟ್ರ್ಯಾಕಿನ ಸಾಲಿನಲ್ಲಿ, ಬರೆದ ಕ್ರಮದಲ್ಲಿ ಅಲ್ಲ. ಅಂದರೆ ಅಷ್ಟು ಹೊತ್ತು ಹಳೆಯದಾದರೂ ನೆಟ್ಟಗಿದ್ದ ದೂರದ ನಕಲು, ಮರುಜೋಡಣೆ ಆರಂಭವಾದ ಕ್ಷಣದಿಂದ ಅದು ಮುಗಿಯುವವರೆಗೆ ಗುರುತಿಗೂ ಖಾತೆಗೂ ತಾಳೆಯಿಲ್ಲದ ರೋಕಡವಾಗುತ್ತದೆ. ಆ ನಡುವೆ ಮುಖ್ಯ ತಾಣ ನಿಜವಾಗಿಯೂ ಹೋದರೆ ಎರಡೂ ಕಡೆ ಏನೂ ಉಳಿಯುವುದಿಲ್ಲ. ಆದ್ದರಿಂದ ಮರುಜೋಡಣೆಗೆ ಮೊದಲು ದೂರದ ತಾಣದಲ್ಲಿ ಆ ನೆಟ್ಟಗಿರುವ ನಕಲಿನ ಇನ್ನೊಂದು ಪ್ರತಿಯನ್ನು, ಕ್ಷಣದಲ್ಲಿ ಪ್ರತಿ ತೆಗೆಯುವ ಫ್ಲ್ಯಾಶ್‌ಕಾಪಿಯಿಂದ ತೆಗೆದಿಡಬೇಕು. ಇದಕ್ಕೆ ಬೇಕಾದ ಹೆಚ್ಚುವರಿ ಡಿಸ್ಕಿನ ಜಾಗವನ್ನು ದುಂದು ಎಂದು ಹೊಡೆದುಹಾಕಲು ಪ್ರತಿ ವರ್ಷವೂ ಯಾರಾದರೂ ಮುಂದಾಗುತ್ತಾರೆ. ಪ್ರತಿ ವರ್ಷವೂ ನಾನು ಈ ವಿವರಣೆಯನ್ನು ಬರೆದು ಕಳಿಸುತ್ತೇನೆ.

ದಿಕ್ಕಿನ ತಪ್ಪು ಇನ್ನೊಂದು. ದೂರದ ತಾಣಕ್ಕೆ ಕೆಲಸ ಬದಲಾಯಿಸಿದಾಗ ಅಲ್ಲಿನ ಡಿಸ್ಕು ತಾನೇ ಮೊದಲನೆಯದು ಎಂದುಕೊಳ್ಳುತ್ತದೆ. ಸುದ್ದಿ ತಲುಪದ ಹಳೆಯ ತಾಣದ ಡಿಸ್ಕೂ ತಾನೇ ಮೊದಲನೆಯದು ಎಂದೇ ತಿಳಿದಿರುತ್ತದೆ. ಮರಳಿ ಜೋಡಿಸುವಾಗ ಯಾವುದರಿಂದ ಯಾವುದಕ್ಕೆ ಎಂಬುದನ್ನು ತಲೆಕೆಳಗಾಗಿ ಬರೆದರೆ ಹಳೆಯ ದತ್ತಾಂಶ ಹೊಸದನ್ನು ಅಳಿಸಿಹಾಕುತ್ತದೆ, ಯಂತ್ರ ಅದನ್ನು ತಪ್ಪೆಂದು ಹೇಳುವುದೂ ಇಲ್ಲ. ನಮ್ಮಲ್ಲಿ ಈ ಆದೇಶಗಳನ್ನು ಇಬ್ಬರು ನೋಡದೆ ಕೊಡುವಂತಿಲ್ಲ, ಮತ್ತು ಅವುಗಳ ಅಧಿಕಾರವನ್ನು ಮೇನ್‌ಫ್ರೇಮಿನ ಭದ್ರತಾ ತಂತ್ರಾಂಶವಾದ ರ‍್ಯಾಕ್‌ಎಫ್‌ನಲ್ಲಿ ಕೆಲವೇ ಜನರಿಗೆ ಕೊಟ್ಟಿದೆ.

ಸೇತುವೆಯ ವಿಷಯಕ್ಕೆ ಮರಳುತ್ತೇನೆ. ಕೊಂಡಿಗಳು ಎರಡಿವೆ ಎಂದು ನಕ್ಷೆಯಲ್ಲಿ ಕಂಡರೆ ಸಾಲದು ಎಂಬುದು ನಮ್ಮ ಕ್ಷೇತ್ರದ ಹಳೆಯ ಪಾಠ. ಬೇರೆ ಬೇರೆ ಕಂಪನಿಗಳಿಂದ ಪಡೆದ ಎರಡು ಕೇಬಲ್‌ಗಳು ಒಂದೇ ಕಾಲುವೆಯಲ್ಲಿ, ಒಂದೇ ಸೇತುವೆಯ ಕೆಳಗೆ ಸಾಗಿರಬಹುದು. ನನ್ನ ಮನೆಗೂ ಎರಡು ಇಂಟರ್ನೆಟ್ ಸಂಪರ್ಕಗಳಿದ್ದವು. ಎರಡೂ ಒಂದೇ ಕಂಬದ ಮೇಲೆ ಬರುತ್ತವೆಂದು ತಿಳಿದದ್ದು ಒಂದು ಮಳೆಗಾಲದಲ್ಲಿ ಆ ಕಂಬದ ಮೇಲೆ ಮರ ಬಿದ್ದಾಗ. ಕಾಳಿಯ ಹಳೆಯ ಸೇತುವೆ ಬಿದ್ದ ಮರುವಾರ ನಾನು ಗ್ರಾಹಕ ಸಂಸ್ಥೆಯ ಜಾಲದ ತಂಡಕ್ಕೆ ಪತ್ರ ಬರೆದು, ನಮ್ಮ ಎರಡು ಕೊಂಡಿಗಳು ನೆಲದ ಮೇಲೆ ನಿಜವಾಗಿ ಎಲ್ಲೆಲ್ಲಿ ಹಾದುಹೋಗುತ್ತವೆ, ಎಲ್ಲಿ ಒಂದಕ್ಕೊಂದು ಹತ್ತಿರ ಬರುತ್ತವೆ ಎಂಬ ನಕ್ಷೆ ಕೇಳಿದೆ. ಬಂದ ನಕ್ಷೆಯಲ್ಲಿ ಒಂದು ಕಡೆ ಎರಡೂ ಒಂದೇ ರಸ್ತೆಯ ಅಂಚಿನಲ್ಲಿ ಸಾಗುತ್ತಿದ್ದವು. ಅದನ್ನು ಬದಲಾಯಿಸುವ ಕೆಲಸ ಈಗ ನಡೆದಿದೆ.

ಮುಂದಿನ ಕವಾಯತಿನ ದಿನ ಗೊತ್ತಾಗಿದೆ. ಈ ಸಲವೂ ಮೊದಲು ಕೊಂಡಿ ಕಡಿಯುತ್ತೇವೆ, ಮುಖ್ಯ ತಾಣದ ತಂಡದವರು ಆ ದಿನ ಕೀಲಿಮಣೆ ಮುಟ್ಟುವುದಿಲ್ಲ, ಆದೇಶಗಳೆಲ್ಲ ದೂರದ ತಾಣದ ಸಣ್ಣ ವ್ಯವಸ್ಥೆಯಿಂದಲೇ ಹೊರಡುತ್ತವೆ. ಕಾನ್ಫಿಗರೇಶನ್ ಫೈಲು ಈಗ ನಕಲಿನ ಜೋಡಿಯಲ್ಲಿಲ್ಲದ ಡಿಸ್ಕಿನ ಮೇಲಿದೆ, ಪ್ರತಿ ಬದಲಾವಣೆಯ ನಂತರ ಎರಡೂ ಕಡೆ ಪ್ರತ್ಯೇಕವಾಗಿ ಇಡಲಾಗುತ್ತದೆ. ಅಚ್ಚು ಮಾಡಿದ ಕಾಗದವನ್ನೂ ನಾವು ಬಿಟ್ಟಿಲ್ಲ; ಕಳೆದ ವಾರ ಹೊಸ ಡಿಸ್ಕುಗಳು ಸೇರಿದ್ದರಿಂದ ನಿನ್ನೆ ರಾತ್ರಿ ಕೂತು ಅದರ ವಿಳಾಸಗಳನ್ನು ಒಂದೊಂದಾಗಿ ತಾಳೆ ನೋಡಿ, ಹಳೆಯ ಹಾಳೆಯನ್ನು ಹರಿದು ಹೊಸದನ್ನು ಇಡಲು ದೂರದ ತಾಣದ ತಂಡದವರಿಗೆ ಬರೆದೆ.